ಹೆದರಿಕೆ ಇದ್ದದ್ದು ಐಸ್ ಪ್ಯಾಕಿಗೆ

ನಾನು ಕಾಸರಗೋಡಿನ ಪೆರ್ಲದವನು. 2016ರಿಂದ ಐದು ವರ್ಷ ದುಬೈಯ ಒಂದು ಗೋದಾಮಿನಲ್ಲಿ ಯುದ್ಧ ನಡೆಯುತ್ತಿದ್ದ ಯೆಮನಿನ ಆಸ್ಪತ್ರೆಗಳಿಗೆ ಮದ್ದು ಪ್ಯಾಕ್ ಮಾಡಿ ಕಳಿಸುವ ಕೆಲಸದಲ್ಲಿದ್ದೆ. ಊರಿಗೆ ಬಂದಾಗೆಲ್ಲ ಒಂದೇ ಪ್ರಶ್ನೆ, "ಬಾಂಬಿಗೆ ಹೆದರಿಕೆ ಆಗಲಿಲ್ವಾ?" ನಾನು ಬಾಂಬ್ ನೋಡಿದವನೇ ಅಲ್ಲ ಮಾರಾಯ್ರೆ. ನನಗೆ ಹೆದರಿಕೆ ಇದ್ದದ್ದು ಐಸ್ ಪ್ಯಾಕಿಗೆ.

ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ನಾನು ಮೊದಲ ಸಲ ಪ್ಯಾಕ್ ಮಾಡಿದ್ದು ಜೂನಿನಲ್ಲಿ, ಹೊರಗೆ 45 ಡಿಗ್ರಿ ಸೆಕೆ, ತಂಪು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕುಗಳನ್ನು ಹಾಗೇ ಬಾಕ್ಸಿನ ನಾಲ್ಕೂ ಬದಿಗೆ ಜೋಡಿಸಿಬಿಟ್ಟೆ. ಯೆಮನಿನ ಎದುರು ದಡದ ಜಿಬೂಟಿಯಲ್ಲಿ ಬಿಚ್ಚಿ, ಒಳಗಿನ ಉಷ್ಣತೆ ಬರೆದಿಡುವ ಲಾಗರ್ ನೋಡಿದರೆ ಮೈನಸ್ 3. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೆ ಮೊದಲಿನ ಹಾಗೇ ಕಂಡರೂ ಬಿಸಾಡಲೇಬೇಕು. ಇಡೀ ಬಾಕ್ಸ್ ಹೋಯಿತು.

ನಮ್ಮ ಸೂಪರ್‌ವೈಸರ್ ನಮ್ಮ ಕಾಸರಗೋಡಿನ ಕಡೆಯ ಹೊಸದುರ್ಗದ ಒಬ್ಬರು ಇಕ್ಕ, ಮಲಯಾಳದಲ್ಲಿ ಅಣ್ಣ ಅಂತ. ಬೈಯಲಿಲ್ಲ. ಒಂದು ಪ್ಯಾಕ್ ತೆಗೆದು ಮೇಜಿನ ಮೇಲಿಟ್ಟರು. ಅದು ಬೆವರಿತು. ತೆಂಗಿನಕಾಯಿ ನೋಡುವ ಹಾಗೆ ಕಿವಿಗೆ ಹಿಡಿದು ಕುಲುಕಿದರು, ಶಬ್ದ ಇಲ್ಲ. ಮತ್ತೆ ಕಾದರು. ಒಳಗೆ ನೀರು ಅಲ್ಲಾಡಿದ್ದು ಕೇಳಿದ ಮೇಲೆ "ಇನಿ ವೆಚ್ಚೋ" ಅಂದರು, ಇನ್ನು ಇಡು ಅಂತ. ನೀರು, ಮಂಜುಗಡ್ಡೆ ಎರಡೂ ಒಟ್ಟಿಗಿದ್ದರೆ ಪ್ಯಾಕ್ ಸೊನ್ನೆ ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಅಷ್ಟೇ ಗುಟ್ಟು.

ಇನ್ನು ಕಾಗದದ ರಗಳೆ. ಮಾರ್ಫಿನ್ ಅಂದರೆ ಅಮಲಿನ ನೋವಿನ ಮದ್ದು, ಅದನ್ನು ಕಳಿಸಬೇಕಾದರೆ ಅಲ್ಲಿಯ ಆಮದು ಪರವಾನಗಿ, ಇಲ್ಲಿಯ ರಫ್ತು ಪರವಾನಗಿ ಎರಡೂ ಬೇಕು. ಯೆಮನಿನಲ್ಲಿ ಸನಾದಲ್ಲೊಂದು ಆಡಳಿತ, ಏಡನ್ನಿನಲ್ಲೊಂದು, ಯಾರ ಪರವಾನಗಿ ಅಂತಲೇ ರಗಳೆ. ಹಾಗಾಗಿ ಮಾರ್ಫಿನನ್ನು ಯಾವಾಗಲೂ ಬೇರೆ ಲೋಡ್ ಮಾಡುತ್ತಿದ್ದೆವು, ಇಲ್ಲದಿದ್ದರೆ ಅದೊಂದರಿಂದಾಗಿ ಹತ್ತಿ, ಗ್ಲೌಸು, ಸಲೈನ್ ಎಲ್ಲ ಬಂದರಿನಲ್ಲಿ ಕೂರುತ್ತದೆ. 2017ರ ನವೆಂಬರಿನಲ್ಲಿ ಸೌದಿ ಒಕ್ಕೂಟ ಯೆಮನಿನ ಬಂದರು, ವಿಮಾನ ನಿಲ್ದಾಣಗಳನ್ನು ಮುಚ್ಚಿದಾಗ ಕಾಗದ ಸರಿ ಇದ್ದವೂ ಕೂತವು. ಜಿಬೂಟಿಯ ಕೋಲ್ಡ್ ರೂಮಿನಿಂದ ದಿನಾ ಒಂದು ಫೋಟೋ ಬರುತ್ತಿತ್ತು, ಥರ್ಮಾಮೀಟರಿನದ್ದು. ಬೇರೆ ಏನೂ ಮಾಡುವ ಹಾಗಿರಲಿಲ್ಲ.

2020ರ ಮಾರ್ಚಿನಲ್ಲಿ ರಜೆಗೆ ಬಂದವನು ಊರಲ್ಲೇ ಸಿಕ್ಕಿಬಿದ್ದೆ. ಕೊರೊನಾ ಅಂತ ಕರ್ನಾಟಕದ ಕಡೆಯ ದಾರಿಗೆಲ್ಲ ಮಣ್ಣು ಹಾಕಿದ್ದರು. ಪಕ್ಕದ ಮನೆಯ ಅಜ್ಜನಿಗೆ ಇನ್ಸುಲಿನ್ ಬರುತ್ತಿದ್ದದ್ದು ಮಂಗಳೂರಿನಿಂದ, ಅದು ನಿಂತು ಕಾಸರಗೋಡಿನಿಂದ ಹೇಗೋ ಎರಡು ತಿಂಗಳಿಗಾಗುವಷ್ಟು ತರಿಸಿಕೊಂಡರು. ಸುಮ್ನೆ ನೋಡೋಣ ಅಂತ ಹೋದರೆ ಫ್ರಿಜ್ಜಿನಲ್ಲಿ ಫ್ರೀಜರಿಗೆ ತಾಗಿಸಿ ಇಟ್ಟಿದ್ದಾರೆ. ತೆಗೆದು ನಡುವಿನ ತಟ್ಟೆಗೆ ಇಟ್ಟೆ.

"ಅಲ್ಲಿ ತಂಪು ಕಮ್ಮಿ ಅಲ್ವಾ?" ಅಂದರು ಅಜ್ಜ.