ಎಎಲ್‌ಕೆ ಪತ್ತೆ: ಚಿಕ್ಕ ಚೂರೊಂದನ್ನು ಪರೀಕ್ಷಿಸುವ ಬಗೆ

ಶ್ವಾಸಕೋಶದ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದ ಮೇಲೆ, ಅದು ಯಾವ ಬಗೆಯದು ಎಂಬುದನ್ನೂ ಕೇಳಬೇಕು. ಜಪಾನಿನ ಹಿರೊಯುಕಿ ಮಾನೊ ಅವರ ತಂಡ 2007ರಲ್ಲಿ ತೋರಿಸಿಕೊಟ್ಟಂತೆ, ಕೆಲವರ ಗೆಡ್ಡೆಯಲ್ಲಿ ಎರಡನೇ ವರ್ಣತಂತುವಿನ ತುಂಡೊಂದು ತಿರುವುಮುರುವಾಗಿ, ಎಎಲ್‌ಕೆ ಜೀನ್ ಇನ್ನೊಂದು ಜೀನಿಗೆ ಬೆಸೆದುಕೊಂಡು, ಜೀವಕೋಶವನ್ನು ಬಿಡುವಿಲ್ಲದೆ ಬೆಳೆಸುವ ಪ್ರೋಟೀನ್ ಹುಟ್ಟುತ್ತದೆ. ಸಣ್ಣ ಕೋಶದ್ದಲ್ಲದ ಶ್ವಾಸಕೋಶದ ಕ್ಯಾನ್ಸರ್ ಇರುವ ನೂರು ಮಂದಿಯಲ್ಲಿ ಇಂಥವರು 3ರಿಂದ 5 ಮಂದಿ. ಆದರೆ ಇವರಿಗೆಂದೇ ಕ್ರಿಜೋಟಿನಿಬ್, ಅಲೆಕ್ಟಿನಿಬ್‌ನಂಥ ಮಾತ್ರೆಗಳಿವೆ. ಧೂಮಪಾನ ಮಾಡದವರಲ್ಲಿ ಇದು ಹೆಚ್ಚು ಎಂಬುದು ನಿಜ; ರೋಗಿ ಬೀಡಿ ಸೇದುತ್ತಿದ್ದರು ಎಂದು ಪರೀಕ್ಷೆಯನ್ನೇ ಕೈಬಿಡುವುದು ಮಾತ್ರ ತಪ್ಪು.

ಪರೀಕ್ಷೆಯ ಗುಣ ಬಯಾಪ್ಸಿ ಕೋಣೆಯಲ್ಲೇ ನಿರ್ಧಾರವಾಗಿಬಿಡುತ್ತದೆ. ಸೂಜಿಯಲ್ಲಿ ಬಂದ, ಶ್ಯಾವಿಗೆ ಎಳೆಯಷ್ಟೇ ದಪ್ಪದ ಚೂರನ್ನು ತಡಮಾಡದೆ ಶೇ 10ರ ತಟಸ್ಥ ಬಫರ್ ಫಾರ್ಮಲಿನ್‌ನಲ್ಲಿ ಮುಳುಗಿಸಿ, 6 ಗಂಟೆಗೆ ಕಡಿಮೆಯಾಗದಂತೆ, 48 ಗಂಟೆ ಮೀರದಂತೆ ಇಡಬೇಕು. ಮೂಳೆಯ ಚೂರಾದರೆ, ಅದನ್ನು ಮೆದುಗೊಳಿಸಲು ಬಳಸುವ ಆಮ್ಲ ಡಿಎನ್‌ಎಯನ್ನು ಕೆಡಿಸುತ್ತದೆ. ಬೇರೆ ಜಾಗದ ಚೂರು ಸಿಕ್ಕರೆ ಅದೇ ಮೇಲು.

ಬಳಿಕ ಚೂರನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುತ್ತಾರೆ. ಅದನ್ನು ತೆಳುಪದರ ಕತ್ತರಿಸುವ ಯಂತ್ರವಾದ ಮೈಕ್ರೊಟೋಮ್‌ಗೆ ಮತ್ತೆ ಮತ್ತೆ ಕೂರಿಸಿ ಮಟ್ಟ ಮಾಡುವಾಗಲೆಲ್ಲ ಒಂದಷ್ಟು ಅಂಗಾಂಶ ವ್ಯರ್ಥವಾಗುವುದರಿಂದ, 4–5 ಮೈಕ್ರಾನ್ ದಪ್ಪದ, ಬಣ್ಣ ಹಾಕದ ಸ್ಲೈಡ್‌ಗಳನ್ನು ಮೊದಲ ಸಲವೇ ಕತ್ತರಿಸಿಟ್ಟುಕೊಳ್ಳಬೇಕು. ಅನೇಕ ರೋಗಿಗಳ ವಿಷಯದಲ್ಲಿ ಇರುವುದು ಆ ಒಂದೇ ಬ್ಲಾಕ್ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಒಂದು ಸ್ಲೈಡ್‌ಗೆ ಡಿ5ಎಫ್3 ಎಂಬ ಪ್ರತಿಕಾಯ ಹಾಕುತ್ತಾರೆ. ಎಎಲ್‌ಕೆ ಪ್ರೋಟೀನ್ ಇರುವ ಗೆಡ್ಡೆಯ ಕೋಶಗಳೊಳಗೆ ಗಾಢ ಕಂದು ಬಣ್ಣದ ಹರಳುಹರಳಾದ ಕಲೆ ಮೂಡುತ್ತದೆ. ಜೊತೆಗೆ, ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ತಿಳಿಯಲು, ಅಪೆಂಡಿಕ್ಸ್‌ನ ತೆಳುಪದರವೊಂದಕ್ಕೂ ಬಣ್ಣ ಹಾಕಿರಬೇಕು. ಅದರ ಗೋಡೆಯಲ್ಲಿರುವ ನರಕೋಶಗಳಲ್ಲಿ ಕಂದು ಮೂಡದಿದ್ದರೆ ಅಂದಿನ ಫಲಿತಾಂಶವನ್ನು ನಂಬುವಂತಿಲ್ಲ. ಲೋಳೆ ಮತ್ತು ಮ್ಯಾಕ್ರೊಫೇಜ್ ಕೋಶಗಳೂ (ಕಸ, ರೋಗಾಣುಗಳನ್ನು ನುಂಗುವ ಕೋಶಗಳು) ಬಣ್ಣ ಹಿಡಿಯುವುದರಿಂದ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಬಣ್ಣ ಸ್ಪಷ್ಟವಾಗದಿದ್ದರೆ, ಜೀನಿಗೇ ಹೊಳೆಯುವ ಗುರುತು ಹಚ್ಚಿ ನೋಡುವ ಫಿಶ್ (FISH) ಪರೀಕ್ಷೆ. ಜೀನ್ ಒಡೆಯುವ ಜಾಗದ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಹೊಳಪನ್ನು ಅಂಟಿಸಿ ಕತ್ತಲಕೋಣೆಯಲ್ಲಿ ನೋಡುತ್ತಾರೆ. ಸಹಜ ಜೀನಿನಲ್ಲಿ ಎರಡೂ ತಾಗಿಕೊಂಡು ಹಳದಿಯಾಗಿ ಕಾಣುತ್ತವೆ. ಒಡೆದ ಜೀನಿನಲ್ಲಿ ಕನಿಷ್ಠ ಎರಡು ಚುಕ್ಕೆಯಗಲ ದೂರ ಸರಿದಿರುತ್ತವೆ, ಇಲ್ಲವೇ ಕೆಂಪೊಂದೇ ಉಳಿದಿರುತ್ತದೆ. 50 ಕೋಶಗಳನ್ನು ಎಣಿಸಿದಾಗ ಇಂಥವು 5ಕ್ಕಿಂತ ಕಡಿಮೆಯಿದ್ದರೆ ನೆಗೆಟಿವ್, 25ಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್. ನಡುವೆ ಬಂದರೆ ಇನ್ನೊಬ್ಬರು ಬೇರೆ 50 ಕೋಶಗಳನ್ನು ಎಣಿಸಬೇಕು. ಸರಾಸರಿ ಶೇ 15 ಮುಟ್ಟಿದರೆ ಪಾಸಿಟಿವ್.

ಎಣಿಸಲು 50 ಕೋಶಗಳೇ ಇಲ್ಲದಿದ್ದರೆ ವರದಿಯಲ್ಲಿ ‘ನೆಗೆಟಿವ್’ ಎನ್ನದೆ ‘ಅಂಗಾಂಶ ಸಾಲದು’ ಎಂದೇ ಬರೆಯಬೇಕು. ಅಂಥ ವರದಿ ಕೈಗೆ ಬಂದವರು, ಎದೆಯಲ್ಲಿ ನೀರು ತುಂಬಿದ್ದರೆ ಅದರಲ್ಲಿನ ಕೋಶಗಳನ್ನು ಒಟ್ಟುಮಾಡಿ ಮೇಣದ ಬ್ಲಾಕ್ (ಸೆಲ್ ಬ್ಲಾಕ್) ಮಾಡಬಹುದೇ, ಇನ್ನೊಮ್ಮೆ ಬಯಾಪ್ಸಿ ಸಾಧ್ಯವೇ ಎಂದು ವೈದ್ಯರನ್ನು ವಿಚಾರಿಸಬೇಕು.