ಸಹಕಾರಿ ದಿನಸಿ ಅಂಗಡಿಯಲ್ಲಿ ಬೇಕಾದಷ್ಟೇ ಕೊಳ್ಳುವುದನ್ನು ನಾನು ಕಲಿತದ್ದು

ಕಳೆದ ಏಳು ವರ್ಷಗಳಿಂದ ನಮ್ಮ ಮನೆಗೆ ಬೇಕಾದ ದಿನಸಿಯ ಬಹುಪಾಲು ಬರುತ್ತಿರುವುದು ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಸಣ್ಣ ಸಹಕಾರಿ ಅಂಗಡಿಯಿಂದ. ಅಂಗಡಿ ದೊಡ್ಡದಲ್ಲ. ಮುಂಭಾಗದಲ್ಲಿ ತರಕಾರಿ ಮತ್ತು ಹಣ್ಣು, ಒಂದು ಗೋಡೆಯ ಉದ್ದಕ್ಕೂ ಬಿಡಿ ದಿನಸಿಯ ದೊಡ್ಡ ಡಬ್ಬಗಳು, ಹಿಂಭಾಗದಲ್ಲಿ ಅಡುಗೆಮನೆಗೆ ಹೊಂದಿಕೊಂಡಂತೆ ಸಿದ್ಧ ಆಹಾರವನ್ನು ತೂಗಿ ಕೊಡುವ ಗಾಜಿನ ಕೌಂಟರ್, ಅಂದರೆ ಡೆಲಿ. ಮೊದಲ ವರ್ಷ ನಾನು ಅಲ್ಲಿ ವ್ಯವಹರಿಸಿದ ಕ್ರಮವೇ ತಪ್ಪಾಗಿತ್ತು. ಸೂಪರ್ ಮಾರ್ಕೆಟ್ಟಿಗೆ ಹೋಗುವ ಹಾಗೆ ತಿಂಗಳಿಗೊಮ್ಮೆ ಉದ್ದನೆಯ ಪಟ್ಟಿ ಹಿಡಿದು ಹೋಗುತ್ತಿದ್ದೆ. ಪಟ್ಟಿಯಲ್ಲಿದ್ದ ಅರ್ಧದಷ್ಟು ಸಾಮಾನು ಸಿಗುತ್ತಿರಲಿಲ್ಲ, ಸಿಕ್ಕಿದ್ದರಲ್ಲಿ ಕೆಲವಕ್ಕೆ ಬೆಲೆ ಹೆಚ್ಚೆನಿಸುತ್ತಿತ್ತು, ಬೇಸರದಿಂದ ಮನೆಗೆ ಮರಳುತ್ತಿದ್ದೆ. ಇಂಥ ಅಂಗಡಿಯ ನಿಜವಾದ ಪ್ರಯೋಜನವಿರುವುದು ಆಯ್ಕೆಯ ವೈವಿಧ್ಯದಲ್ಲಲ್ಲ, ಬೇಕಾದಷ್ಟನ್ನೇ ಅಳೆದು, ಆಗಾಗ ಕೊಳ್ಳಲು ಇರುವ ಅವಕಾಶದಲ್ಲಿ ಎಂಬುದು ನನಗೆ ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ನನ್ನ ಕಣ್ಣು ತೆರೆಸಿದ್ದು ಒಂದು ಚೀಲ ಬಾದಾಮಿ ಪುಡಿ. ಬಿಡಿಯಾಗಿ ಕೊಂಡರೆ ಅಗ್ಗವೆಂಬ ಒಂದೇ ಕಾರಣಕ್ಕೆ ಎರಡು ಕಿಲೋ ತಂದು ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದೆ. ಎರಡು ತಿಂಗಳ ಬಳಿಕ ತೆರೆದಾಗ ಕಮಟು ವಾಸನೆ ಹೊಡೆಯುತ್ತಿತ್ತು. ಮುಕ್ಕಾಲು ಭಾಗವನ್ನು ಚೆಲ್ಲಬೇಕಾಯಿತು. ಎಣ್ಣೆಯಂಶವಿರುವ ಬೀಜಗಳನ್ನು ಪುಡಿ ಮಾಡಿದೊಡನೆ ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಎಷ್ಟೋ ಪಟ್ಟು ಹೆಚ್ಚುತ್ತದೆ, ಗಾಳಿಯಲ್ಲಿರುವ ಆಮ್ಲಜನಕ, ಬೆಳಕು ಮತ್ತು ಶಾಖ ಸೇರಿ ಅದರ ಕೊಬ್ಬನ್ನು ಕೆಡಿಸುತ್ತವೆ. ತೌಡಿನ ಸಮೇತ ಬೀಸಿದ ಇಡಿಗೋಧಿ ಹಿಟ್ಟಿಗೂ ಇದೇ ಗತಿ, ಏಕೆಂದರೆ ಎಣ್ಣೆಯಿರುವ ಮೊಳಕೆಯ ಭಾಗವೂ ಅದರಲ್ಲಿ ಉಳಿದಿರುತ್ತದೆ. ಅಂದಿನಿಂದ ಇಂಥ ಪದಾರ್ಥಗಳನ್ನು ಎರಡು ವಾರಕ್ಕೆ ಸಾಕಾಗುವಷ್ಟು ಮಾತ್ರ ತರುತ್ತೇನೆ ಮತ್ತು ಫ್ರಿಜ್ಜಿನಲ್ಲಿಡುತ್ತೇನೆ. ಒಣಗಿದ ಇಡೀ ಬೇಳೆಕಾಳು, ಪಾಲಿಶ್ ಮಾಡಿದ ಅಕ್ಕಿ, ಸಕ್ಕರೆ, ಉಪ್ಪು ಇವುಗಳಿಗೆ ಈ ಆತುರವಿಲ್ಲ. ಅವುಗಳನ್ನು ಹೆಚ್ಚು ಪ್ರಮಾಣದಲ್ಲಿ ತಂದರೆ ನಷ್ಟವಿಲ್ಲ.

ಬಿಡಿ ದಿನಸಿಯ ಗೋಡೆಯ ಮುಂದೆ ನಾನು ಈಗ ಅನುಸರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೊಸಬರು ಹೆಚ್ಚಾಗಿ ತಡವರಿಸುವುದು ಇಲ್ಲಿಯೇ. ಮನೆಯಿಂದ ಒಯ್ಯುವ ಡಬ್ಬಿಗಳು ತೊಳೆದು ಸಂಪೂರ್ಣ ಒಣಗಿದವಾಗಿರಬೇಕು. ತಳದಲ್ಲಿ ಒಂದು ಹನಿ ತೇವವಿದ್ದರೂ ಹಿಟ್ಟು ಗಂಟು ಕಟ್ಟಿ ಮುಗ್ಗಲು ಹಿಡಿಯುತ್ತದೆ. ಅಂಗಡಿ ಹೊಕ್ಕ ಕೂಡಲೇ, ಏನನ್ನೂ ತುಂಬುವ ಮೊದಲು, ಖಾಲಿ ಡಬ್ಬಿಯನ್ನು ತೂಗಿಸಿ ಆ ತೂಕವನ್ನು ಅದರ ಮೇಲೆಯೇ ಬರೆಸಿಕೊಳ್ಳಬೇಕು. ಬಿಲ್ ಮಾಡುವಾಗ ಒಟ್ಟು ತೂಕದಲ್ಲಿ ಅದನ್ನು ಕಳೆಯುತ್ತಾರೆ. ಕಳೆಯದಿದ್ದರೆ ಗಾಜಿನ ಜಾಡಿಗೂ ಗೋಡಂಬಿಯ ದರವನ್ನು ತೆತ್ತಂತಾಗುತ್ತದೆ. ನಾನು ಬಳಸುವ ಆರು ಜಾಡಿಗಳ ತೂಕವನ್ನು ಅವುಗಳ ತಳದಲ್ಲಿ ಅಳಿಸದ ಶಾಯಿಯಿಂದ ಬರೆದಿಟ್ಟಿದ್ದೇನೆ. ಮುಚ್ಚಳವನ್ನೂ ಸೇರಿಸಿದ ತೂಕವೇ ಅಲ್ಲವೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಂಡಿದ್ದೇನೆ. ತುಂಬಿದ ಮೇಲೆ ಆ ಡಬ್ಬದ ಸಂಖ್ಯೆ, ಪದಾರ್ಥದ ಹೆಸರು ಮತ್ತು ಅಂದಿನ ದಿನಾಂಕ, ಈ ಮೂರನ್ನೂ ಚೀಟಿಯಲ್ಲಿ ಬರೆದು ಅಂಟಿಸುತ್ತೇನೆ. ಸಂಖ್ಯೆ ಬೇಕಾಗುವುದು ಗಲ್ಲಾದಲ್ಲಿ. ಹೆಸರು ಮತ್ತು ದಿನಾಂಕ ಬೇಕಾಗುವುದು ಮನೆಯಲ್ಲಿ, ಮೂರು ತಿಂಗಳ ನಂತರ, ಒಂದೇ ರೀತಿ ಕಾಣುವ ಎರಡು ಬಗೆಯ ಹಿಟ್ಟನ್ನು ಎದುರಿಗಿಟ್ಟುಕೊಂಡು ಯೋಚಿಸುವಾಗ.

ಡಬ್ಬದ ವಿನ್ಯಾಸವನ್ನೂ ಗಮನಿಸುತ್ತೇನೆ. ಮೇಲಿನಿಂದ ತುಂಬಿ ಕೆಳಗಿನ ಹಿಡಿಕೆ ಎಳೆದು ಇಳಿಸಿಕೊಳ್ಳುವ ಡಬ್ಬದಲ್ಲಿ ಬಹುಮಟ್ಟಿಗೆ ಹಳೆಯದು ಮೊದಲು ಹೊರಬರುತ್ತದೆ. ಮುಚ್ಚಳ ತೆರೆದು ಸೌಟಿನಿಂದ ತೋಡಿಕೊಳ್ಳುವ ಡಬ್ಬದಲ್ಲಿ ಹಾಗಲ್ಲ. ತಳವನ್ನು ಖಾಲಿ ಮಾಡದೆ ಹೊಸದನ್ನು ಮೇಲೆ ಸುರಿದರೆ ಹಳೆಯದು ಅಡಿಯಲ್ಲೇ ಉಳಿದು ಹಳಸುತ್ತದೆ. ಅದಕ್ಕಾಗಿ ಆ ಡಬ್ಬವನ್ನು ಎಷ್ಟು ದಿನಕ್ಕೊಮ್ಮೆ ಪೂರ್ತಿ ಬರಿದು ಮಾಡಿ ತೊಳೆಯುತ್ತಾರೆ ಎಂದು ಕೇಳುವುದರಲ್ಲಿ ನನಗೆ ಸಂಕೋಚವಿಲ್ಲ. ಚೆನ್ನಾಗಿ ನಡೆಯುವ ಅಂಗಡಿಯ ಸಿಬ್ಬಂದಿಗೆ ಉತ್ತರ ಬಾಯಲ್ಲೇ ಇರುತ್ತದೆ. ಬೇಗ ಖರ್ಚಾಗುವ ಪದಾರ್ಥಗಳನ್ನು ಬಿಡಿಯಾಗಿಯೂ, ಅಪರೂಪಕ್ಕೆ ಖರ್ಚಾಗುವವನ್ನು ಮೊಹರು ಮಾಡಿದ ಪ್ಯಾಕೆಟ್ಟಿನಲ್ಲಿಯೂ ಕೊಳ್ಳುವುದು ಲೇಸೆಂಬುದು ನನ್ನ ಅನುಭವ. ಮಸಾಲೆ ಪದಾರ್ಥಗಳಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಎರಡು ಚಮಚ ಬೇಕಾದಾಗ ಎರಡೇ ಚಮಚ ಕೊಳ್ಳಲು ಸಾಧ್ಯವಿರುವುದು ಬಿಡಿಯಲ್ಲಿ ಮಾತ್ರ, ಅಲ್ಲಿ ಉಳಿಯುವ ಹಣವೂ ಬೇರೆಲ್ಲಕ್ಕಿಂತ ಹೆಚ್ಚು.

ಒಂದು ಎಚ್ಚರಿಕೆಯನ್ನು ಗಂಭೀರವಾಗಿ ಹೇಳಬೇಕು. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ, ಎಳ್ಳು, ಗೋಧಿ ಮುಂತಾದವುಗಳ ಅಲರ್ಜಿ ಇದ್ದರೆ ಬಿಡಿ ಡಬ್ಬಗಳಿಂದ ಕೊಳ್ಳಬಾರದು. ಒಂದು ಡಬ್ಬದ ಸೌಟನ್ನು ಇನ್ನೊಂದಕ್ಕೆ ಹಾಕುವ ಗಿರಾಕಿ ಎಲ್ಲ ಕಡೆಯೂ ಇರುತ್ತಾರೆ. ಅದನ್ನು ಸಿಬ್ಬಂದಿ ಎಷ್ಟು ಕಾದರೂ ಪೂರ್ತಿ ತಡೆಯಲಾಗದು. ನಮ್ಮ ಮನೆಗೆ ಬಂದು ಉಳಿಯುವ ಒಬ್ಬ ಮಗುವಿಗೆ ಕಡಲೆಕಾಯಿ ಆಗದು. ಆ ದಿನಗಳಲ್ಲಿ ಆ ಮಗುವಿನ ಅಡುಗೆಗೆ ಮೊಹರಾದ ಪ್ಯಾಕೆಟ್ಟನ್ನೇ ಬಳಸುತ್ತೇವೆ.

ತರಕಾರಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಸರಕು ಯಾವ ದಿನ ಬರುತ್ತದೆಂದು ಕೇಳಿ ತಿಳಿದುಕೊಂಡು ಆ ದಿನವೇ ಸೊಪ್ಪು ಕೊಳ್ಳುತ್ತೇನೆ. ಗೆಡ್ಡೆಗಳನ್ನು ಯಾವಾಗ ಬೇಕಾದರೂ ಕೊಳ್ಳುತ್ತೇನೆ.

ಡೆಲಿಯ ಕೌಂಟರಿನಲ್ಲಿ ನಿಲ್ಲುವುದನ್ನು ಕಲಿಯಲು ಮಾತ್ರ ಬಹಳ ಕಾಲ ಹಿಡಿಯಿತು. ಗಾಜಿನ ಹಿಂದೆ ಓರಣವಾಗಿ ಜೋಡಿಸಿದ ತಟ್ಟೆಗಳ ಎದುರು ಎಲ್ಲವೂ ಬೇಕೆನಿಸುತ್ತದೆ, ಅಂದಾಜಿಗಿಂತ ಎರಡು ಪಟ್ಟು ಕೊಳ್ಳುತ್ತೇವೆ. ಈಗ ನಾನು ಕೇಳುವ ಮೊದಲ ಪ್ರಶ್ನೆ, ಇದನ್ನು ಯಾವಾಗ ತಯಾರಿಸಿದಿರಿ ಎಂಬುದು. ಎರಡನೆಯದು, ಒಂದು ಚಮಚ ರುಚಿ ನೋಡಬಹುದೇ ಎಂಬುದು. ಇಲ್ಲವೆಂದವರು ಅಪರೂಪ. ಮೂರನೆಯದಾಗಿ, ತೂಕವನ್ನು ಹೇಳುವ ಬದಲು ಎಷ್ಟು ಜನರ ಎಷ್ಟು ಹೊತ್ತಿನ ಊಟಕ್ಕೆಂದು ಹೇಳುತ್ತೇನೆ. ದಿನವೂ ಅದನ್ನೇ ತೂಗುವವರ ಕೈಗೆ ಆ ಅಂದಾಜು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಹೆಚ್ಚು ಕೊಳ್ಳಬೇಡಿ ಎಂದು ಅವರೇ ತಡೆದದ್ದೂ ಉಂಟು.

ಚೀಸಿನಂಥವನ್ನು ಮೊದಲೇ ಹೆಚ್ಚಿ ಇಟ್ಟದ್ದಕ್ಕಿಂತ ಎದುರಿಗೇ ಹೆಚ್ಚಿಸಿಕೊಳ್ಳುವುದು ಮೇಲು. ಇಡೀ ಗಟ್ಟಿಗಿಂತ ತೆಳುವಾದ ಬಿಲ್ಲೆಗಳು ಬೇಗ ಒಣಗುತ್ತವೆ, ಬೇಗ ಕೆಡುತ್ತವೆ. ಬಾದಾಮಿ ಪುಡಿಯ ಪಾಠವೇ ಇಲ್ಲಿಯೂ ಅನ್ವಯಿಸುತ್ತದೆ. ಎರಡು ದಿನಕ್ಕೆ ಬೇಕಾದಷ್ಟನ್ನು ಬಿಲ್ಲೆಯಾಗಿಯೂ ಉಳಿದದ್ದನ್ನು ಒಂದೇ ತುಂಡಾಗಿಯೂ ಕೊಡಿರೆಂದರೆ ಹಾಗೆಯೇ ಕೊಡುತ್ತಾರೆ.

ಸಿದ್ಧ ಆಹಾರವನ್ನು ಕೊಳ್ಳುವವರಿಗೆ ಉಷ್ಣಾಂಶದ ಅರಿವು ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಹೊರತಂದ ಸುರಕ್ಷಿತ ಆಹಾರದ ಐದು ಸೂತ್ರಗಳಲ್ಲಿ ಹೇಳಿರುವಂತೆ, ಬೇಯಿಸಿದ ಆಹಾರ ಬಡಿಸುವವರೆಗೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗಿರುವುದು ಒಳ್ಳೆಯದು, ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ಇದನ್ನು ಓದಿದ ಮೇಲೆ ನನ್ನ ಖರೀದಿಯ ಕ್ರಮವೇ ಬದಲಾಯಿತು. ಮೊದಲು ಬಿಡಿ ದಿನಸಿ, ಆಮೇಲೆ ತರಕಾರಿ, ಎಲ್ಲಕ್ಕೂ ಕೊನೆಗೆ ಡೆಲಿ, ಅಲ್ಲಿಂದ ನೇರವಾಗಿ ಗಲ್ಲಾ, ಗಲ್ಲಾದಿಂದ ನೇರವಾಗಿ ಮನೆ. ತಂದ ಸಲಾಡು ಮತ್ತು ಪಲ್ಯಗಳನ್ನು ಮೂರು ದಿನಗಳೊಳಗೆ ಮುಗಿಸುತ್ತೇವೆ. ಮತ್ತೆ ಬಿಸಿ ಮಾಡುವುದಿದ್ದರೆ ನಡುಭಾಗದವರೆಗೂ ಹಬೆಯಾಡುವಂತೆ ಬಿಸಿ ಮಾಡುತ್ತೇವೆ. ಫ್ರಿಜ್ಜಿನಲ್ಲಿದ್ದ ಮಾತ್ರಕ್ಕೆ ಎಲ್ಲ ಸೂಕ್ಷ್ಮಜೀವಿಗಳೂ ಸುಮ್ಮನಿರುವುದಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಆ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಬಹಳ ಅಪಾಯಕಾರಿ. ಅಂಥವರು ಮನೆಯಲ್ಲಿದ್ದಾಗ ಡೆಲಿಯ ತಣ್ಣನೆಯ ತಿನಿಸುಗಳನ್ನು ಹಾಗೆಯೇ ಬಡಿಸದೆ, ಬಿಸಿ ಅಡುಗೆಯನ್ನೇ ಆರಿಸುವುದು ಉಚಿತ.

ಇಷ್ಟನ್ನೂ ಯಾವುದೇ ಅಂಗಡಿಯಲ್ಲಿ ಮಾಡಬಹುದಲ್ಲವೇ ಎಂದು ಕೇಳಬಹುದು. ಸಹಕಾರಿ ಅಂಗಡಿಯಲ್ಲಿ ನಾನು ಗಿರಾಕಿಯೂ ಹೌದು, ಷೇರು ಹೊಂದಿದ ಸದಸ್ಯನೂ ಹೌದು. ಸದಸ್ಯತ್ವದ ಕ್ರಮ ಹಳೆಯದು. 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಟೋಡ್ ಲೇನಿನಲ್ಲಿ, ನೇಕಾರರೂ ಇತರ ಕಸುಬುದಾರರೂ ಸೇರಿದ ಗುಂಪೊಂದು 28 ಪೌಂಡ್ ಬಂಡವಾಳದಿಂದ ಅಂಗಡಿ ತೆರೆದಾಗ ಅವರ ಬಳಿ ಮಾರಲು ಇದ್ದದ್ದು ಸ್ವಲ್ಪ ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು ಮತ್ತು ಕೆಲವು ಮೇಣದ ಬತ್ತಿಗಳು. ಹಿಟ್ಟಿಗೆ ಪಟಿಕ ಬೆರೆಸುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಕಲಬೆರಕೆಯಿಲ್ಲದ ಸರಕನ್ನು ಸರಿಯಾದ ತೂಕದಲ್ಲಿ ಕೊಡುತ್ತೇವೆಂಬುದೇ ಅವರ ದೊಡ್ಡ ಭರವಸೆಯಾಗಿತ್ತು. ಷೇರು ಎಷ್ಟೇ ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ, ಮಿಗುತಾಯವನ್ನು ಖರೀದಿಯ ಪ್ರಮಾಣಕ್ಕೆ ತಕ್ಕಂತೆ ಸದಸ್ಯರಿಗೆ ಹಂಚುವುದು ಎಂಬ ನಿಯಮಗಳನ್ನು ಅವರು ನೆಲೆಗೊಳಿಸಿದರು. 1895ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟವು ತನ್ನ ಶತಮಾನೋತ್ಸವದ ವರ್ಷವಾದ 1995ರಲ್ಲಿ ಅಂಗೀಕರಿಸಿದ ಏಳು ತತ್ವಗಳಲ್ಲಿಯೂ ಆ ನಿಯಮಗಳ ಸಾರ ಉಳಿದುಕೊಂಡಿದೆ.

ಹಂಚಿಕೆಯ ಲೆಕ್ಕ ಸರಳ. ವರ್ಷದಲ್ಲಿ ಎಲ್ಲ ಸದಸ್ಯರೂ ಮಾಡಿದ ಒಟ್ಟು ಖರೀದಿಯ ಇನ್ನೂರರಲ್ಲಿ ಒಂದು ಪಾಲು ನನ್ನದಾಗಿದ್ದರೆ, ಹಂಚಲು ತೀರ್ಮಾನಿಸಿದ ಮೊತ್ತದಲ್ಲಿಯೂ ಇನ್ನೂರರಲ್ಲಿ ಒಂದು ಪಾಲು ನನಗೆ ಬರುತ್ತದೆ. ಮಿಗುತಾಯವಿಲ್ಲದ ವರ್ಷ ಏನೂ ಬರುವುದಿಲ್ಲ. ಹಾಗೆ ಏನೂ ಬಾರದ ಎರಡನೆಯ ವರ್ಷದಲ್ಲಿ ನಾನು ಮೊದಲ ಬಾರಿಗೆ ವಾರ್ಷಿಕ ಸಭೆಗೆ ಹೋದೆ. ದೂರು ಹೇಳಬೇಕೆಂದೇ ಹೋಗಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಜಮಾಖರ್ಚಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ನೋಡುತ್ತಾ ಹೋದಂತೆ ದೂರಿನ ಸ್ವರ ತಗ್ಗಿತು. ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವೆ ಅತಿ ಹೆಚ್ಚು ಅಂತರವಿದ್ದದ್ದು ಡೆಲಿಯಲ್ಲಿ; ಆದರೆ ಅಡುಗೆಯವರ ಸಂಬಳ ಮತ್ತು ಮಾರಾಟವಾಗದೆ ಚೆಲ್ಲಿದ ಆಹಾರ, ಇವೆರಡೇ ಆ ಅಂತರವನ್ನು ನುಂಗಿಹಾಕಿದ್ದವು. ಸಂಜೆ ಕೌಂಟರ್ ಖಾಲಿಯಾಗಿ ಕಾಣಬಾರದೆಂದು ಮುಚ್ಚುವ ಹೊತ್ತಿನವರೆಗೂ ತಟ್ಟೆಗಳನ್ನು ತುಂಬಿಸಿಡುತ್ತಿದ್ದದ್ದೇ ಆ ನಷ್ಟದ ಮೂಲ. ತುಂಬಿದ ಕೌಂಟರನ್ನು ಬಯಸುತ್ತಿದ್ದವರು ನಾವೇ ಸದಸ್ಯರು.

ಆ ಸಭೆಯಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ, ಮುಚ್ಚುವ ಎರಡು ಗಂಟೆ ಮೊದಲು ಹೊಸ ತಟ್ಟೆ ಇಡುವುದನ್ನು ನಿಲ್ಲಿಸಬೇಕು, ಉಳಿದದ್ದನ್ನು ಕೊನೆಯ ಒಂದು ಗಂಟೆ ಕಡಿಮೆ ದರಕ್ಕೆ ಮಾರಬೇಕು, ಅಂಗಡಿಯಲ್ಲಿ ತುಸು ಬಾಡಿದರೂ ಕೆಡದಿರುವ ತರಕಾರಿಯನ್ನು ಮರುದಿನದ ಸೂಪಿಗೆ ಬಳಸಬೇಕೆಂದು ನಿರ್ಣಯವಾಯಿತು. ಒಂದು ದಿನ ಮುಂಚಿತವಾಗಿ ಹೇಳಿಟ್ಟರೆ ಬೇಕಾದಷ್ಟನ್ನು ತೆಗೆದಿಡುವ ಪುಸ್ತಕವೂ ಆಗಲೇ ಆರಂಭವಾಯಿತು. ಆ ಪುಸ್ತಕವನ್ನು ಅತಿ ಹೆಚ್ಚು ಬಳಸುವವರಲ್ಲಿ ನಾನೂ ಒಬ್ಬ. ಅತಿಥಿಗಳು ಬರುವುದಿದ್ದರೆ ಹಿಂದಿನ ದಿನವೇ ಬರೆದಿಡುತ್ತೇನೆ. ಬರೆದ ಮೇಲೆ ತಪ್ಪದೆ ಹೋಗಿ ಒಯ್ಯುತ್ತೇನೆ, ಏಕೆಂದರೆ ಒಯ್ಯದೆ ಬಿಟ್ಟರೆ ಅದು ಯಾರ ಲೆಕ್ಕದಲ್ಲಿ ಬೀಳುತ್ತದೆಂದು ಆ ಪಟ್ಟಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಎಲ್ಲವನ್ನೂ ಅಲ್ಲಿಯೇ ಕೊಳ್ಳುತ್ತೇನೆಂದು ಹೇಳಿದರೆ ಸುಳ್ಳಾಗುತ್ತದೆ. ಸಾಬೂನು, ಕಾಗದದ ಸಾಮಾನು, ದೊಡ್ಡ ಮೂಟೆಯ ಅಕ್ಕಿ ಇವು ಬೇರೆಡೆ ಅಗ್ಗವಾಗಿ ಸಿಗುತ್ತವೆ, ಅಲ್ಲಿಂದಲೇ ತರುತ್ತೇನೆ. ಹೋಲಿಸುವಾಗ ಪ್ಯಾಕೆಟ್ಟಿನ ಬೆಲೆಯನ್ನಲ್ಲ, ಕಿಲೋ ಒಂದಕ್ಕೆ ಬೀಳುವ ದರವನ್ನು ನೋಡುತ್ತೇನೆ. ಅದರ ಜೊತೆಗೆ ಮನೆಯಲ್ಲಿ ಚೆಲ್ಲುವ ಭಾಗವನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ಒಂದು ಕಿಲೋ ತಂದು ಕಾಲು ಕಿಲೋ ಚೆಲ್ಲಿದರೆ ನಿಜವಾಗಿ ಬಳಸಿದ ಮುಕ್ಕಾಲು ಕಿಲೋಗೆ ಪೂರ್ತಿ ಬೆಲೆ ಕೊಟ್ಟಂತಾಯಿತು, ಅಂದರೆ ದರ ಮೂರನೆಯ ಒಂದು ಪಾಲಿನಷ್ಟು ಏರಿತು. ಈ ಲೆಕ್ಕವನ್ನು ಒಂದು ವರ್ಷ ನೋಟುಪುಸ್ತಕದಲ್ಲಿ ಬರೆದಿಟ್ಟ ಮೇಲೆಯೇ ಹಿಟ್ಟು, ಬೀಜ, ಮಸಾಲೆ, ಚೀಸು ಮತ್ತು ಸಿದ್ಧ ಅಡುಗೆ, ಈ ಐದನ್ನೂ ಸಹಕಾರಿ ಅಂಗಡಿಯಿಂದಲೇ ತರುವುದೆಂದು ತೀರ್ಮಾನಿಸಿದ್ದು.

ಈ ವರ್ಷ ಬೇಡಿಕೆಯ ಪುಸ್ತಕದಲ್ಲಿ ಅರ್ಧ ಬ್ರೆಡ್ಡು ಮಾರುವಿರಾ ಎಂದು ಬರೆದಿದ್ದೆ. ಇಬ್ಬರೇ ಇರುವ ಮನೆಯಲ್ಲಿ ಇಡೀ ಬ್ರೆಡ್ಡು ಮುಗಿಯುವ ಮೊದಲೇ ಬೂಷ್ಟು ಹಿಡಿಯುತ್ತಿತ್ತು. ನನ್ನ ಸಾಲಿನ ಕೆಳಗೆ ಮೂರು ವಾರಗಳಲ್ಲಿ ಇನ್ನೂ ಹನ್ನೊಂದು ಮಂದಿ ತಮಗೂ ಬೇಕೆಂದು ಬರೆದರು. ಈಗ ಡೆಲಿಯವರು ಬೆಳಿಗ್ಗೆ ಬಂದ ಬ್ರೆಡ್ಡುಗಳಲ್ಲಿ ಆರನ್ನು ನಡುವೆ ಕತ್ತರಿಸಿ, ಕತ್ತರಿಸಿದ ಬದಿಗೆ ಕಾಗದ ಸುತ್ತಿ, ಗಲ್ಲಾದ ಪಕ್ಕದ ಬುಟ್ಟಿಯಲ್ಲಿ ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಖರ್ಚಾಗಿರುತ್ತವೆ.