ಕ್ಯಾಂಪಸ್ ಹಸಿರಾಗಬೇಕಾ? ಮೊದಲು ಮೆಸ್‌ಗೆ ಹೋಗಿ

ಪ್ರತಿ ಜೂನ್ 5ಕ್ಕೆ, ಪರಿಸರ ದಿನ ಅಂತ, ಪುಣೆಯ ಕಾಲೇಜುಗಳಲ್ಲಿ ಗಿಡ ನೆಡುತ್ತಾರೆ. ಫೋಟೋ ತೆಗೆಯುತ್ತಾರೆ. ಮಳೆ ಇರುವ ತನಕ ಗಿಡ ಚೆನ್ನಾಗಿರುತ್ತದೆ, ಆಮೇಲೆ ನೀರು ಹಾಕುವವರಿಲ್ಲ, ಮಾರ್ಚ್ ಬರುವಷ್ಟರಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ. ಧಾರವಾಡದಿಂದ ಬಂದು ಇಲ್ಲಿ ಪಾಠ ಮಾಡುತ್ತಿರುವ ಇಷ್ಟು ವರ್ಷಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈಗ ವಿದ್ಯಾರ್ಥಿಗಳು ಬಂದು "ಮೇಡಂ, ಕ್ಯಾಂಪಸ್‌ಗೆ ಏನಾದರೂ ಮಾಡೋಣ" ಅಂದರೆ ಸಸಿಯ ಮಾತು ಎತ್ತುವುದಿಲ್ಲ. ಸೀದಾ ಮೆಸ್‌ಗೆ ಕರೆದುಕೊಂಡು ಹೋಗುತ್ತೇನೆ.

ಮೊದಲ ಕೆಲಸ ತೂಗುವುದು. ಒಂದು ತೂಕದ ಕಾಟಾ, ಮೂರು ಬಕೆಟ್, ಒಂದು ನೋಟ್‌ಬುಕ್ ಇದ್ದರೆ ಸಾಕು. ಒಂದು ಬಕೆಟ್‌ಗೆ ತಟ್ಟೆಯಲ್ಲಿ ಬಿಟ್ಟ ಊಟ, ಇನ್ನೊಂದಕ್ಕೆ ಪಾತ್ರೆಯಲ್ಲೇ ಉಳಿದ ಅಡುಗೆ, ಮೂರನೆಯದಕ್ಕೆ ತರಕಾರಿ ಸಿಪ್ಪೆ. ಮೂರನ್ನೂ ಬೇರೆ ಬೇರೆ ತೂಗಲೇಬೇಕು, ಯಾಕೆಂದರೆ ಮೂರರ ಕಾರಣವೂ ಬೇರೆ. ತಟ್ಟೆಯಲ್ಲಿ ಉಳಿದರೆ ಬಡಿಸುವುದರಲ್ಲೋ ರುಚಿಯಲ್ಲೋ ತೊಂದರೆ ಇದೆ. ಪಾತ್ರೆಯಲ್ಲಿ ಉಳಿದರೆ ಎಷ್ಟು ಜನ ಬರುತ್ತಾರೆ ಅನ್ನುವ ಲೆಕ್ಕ ತಪ್ಪಿದೆ. ಸಿಪ್ಪೆ ಇದ್ದೇ ಇರುತ್ತದೆ, ಅದು ಗೊಬ್ಬರಕ್ಕೆ. ಏಳು ದಿನ ಬಿಡದೆ ಬರೆಯಿರಿ, ಶನಿವಾರ ಭಾನುವಾರವೂ. 500 ಜನ ಊಟ ಮಾಡುವ ಕಡೆ ಒಬ್ಬೊಬ್ಬರು 60 ಗ್ರಾಂ ಬಿಟ್ಟರೂ ಒಂದೇ ಹೊತ್ತಿಗೆ 30 ಕಿಲೋ ಆಗುತ್ತದೆ, ಅಲ್ವಾ? ಆ ಅಂಕಿಯನ್ನು ಕೈ ತೊಳೆಯುವ ಜಾಗದಲ್ಲಿ ದಿನಾ ಬೋರ್ಡ್ ಮೇಲೆ ಬರೆಯಿರಿ. ಯಾರನ್ನೂ ಬೈಯುವ ಪೋಸ್ಟರ್ ಬೇಡ. ಅಂಕಿ ಸಾಕು.

ತೂಗುವಾಗ ಮೆಸ್‌ನಲ್ಲಿ ಕೆಲಸ ಮಾಡುವವರ ಜೊತೆ ಕೂತು ಮಾತಾಡಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ. ನಾವು ಮೊದಲ ಸಲ ತೂಗಿದಾಗ ಅನ್ನವೇ ಜಾಸ್ತಿ ಬರುತ್ತಿತ್ತು. ಹುಡುಗರು ಅಕ್ಕಿ ಸರಿಯಿಲ್ಲ ಅಂದರು, ನಾನೂ ನಂಬಿದ್ದೆ. ಪಾತ್ರೆ ತೊಳೆಯುವ ಅಕ್ಕ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನಾವು ಕನ್ನಡ ಮಾತಾಡುವುದು ಕೇಳಿ ಹತ್ತಿರ ಬಂದು, "ಅಕ್ಕಾರ, ಪಲ್ಯೆ ಉಳಿಯೂದಿಲ್ರಿ, ಅನ್ನನ ಉಳಿತೈತಿ. ಈ ಸೌಟ ಭಾಳ ದೊಡ್ಡದೈತಿ. ಹುಡುಗೂರು ಬ್ಯಾಡ ಅನ್ನೂದ್ರಾಗ ತಾಟಿನಾಗ ಬಿದ್ದಬಿಡ್ತೈತಿ" ಅಂದರು. ಸೌಟು ಬದಲಾಯಿಸಿದೆವು. ಎರಡನೇ ಸಲ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು ಅಂತ ಹೇಳಿದೆವು. ಅನ್ನದ ಬಕೆಟ್ ಅದೇ ವಾರ ಹಗುರಾಯಿತು. ಪುಣೆಯಲ್ಲಿ ಕಟ್ಟಡದ ಕೆಲಸ, ಕಸದ ಕೆಲಸ, ಮೆಸ್ ಕೆಲಸಕ್ಕೆ ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ಬಹಳ ಜನ ಇದ್ದಾರೆ. ನಿಮಗೆ ಕನ್ನಡ ಬರುತ್ತದೆ ಅನ್ನುವುದು ಇಲ್ಲಿ ದೊಡ್ಡ ಅನುಕೂಲ, ಬಳಸಿಕೊಳ್ಳಿ.

ಉಳಿದ ಹಸಿ ಕಸಕ್ಕೆ ಕ್ಯಾಂಪಸ್ ಒಳಗೇ ಗೊಬ್ಬರದ ಗುಂಡಿ ಮಾಡಿ. ಪ್ರಿನ್ಸಿಪಾಲರು ಯಾಕೆ ಅಂತ ಕೇಳಿದರೆ ಹೇಳಲು ಕಾರಣ ಇದೆ: 5000 ಚದರ ಮೀಟರ್‌ಗಿಂತ ದೊಡ್ಡ ಜಾಗ ಇರುವ ಸಂಸ್ಥೆಗಳು ಹಸಿ ಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ವಿಲೇವಾರಿ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು. ಆದರೆ ನನ್ನ ಮನಸ್ಸಿಗೆ ಹತ್ತಿರವಾದ ಕಾರಣ ಬೇರೆ. ಈ ಊರಿನ ಕಸವನ್ನು ವರ್ಷಗಟ್ಟಲೆ ಊರಾಚೆಯ ಉರುಳಿ ದೇವಾಚಿ, ಫುರಸುಂಗಿ ಅನ್ನುವ ಹಳ್ಳಿಗಳ ಹತ್ತಿರ ಸುರಿದರು. ಅಲ್ಲಿನ ಜನ ವಾಸನೆ ಕುಡಿದು, ಬಾವಿ ನೀರು ಕೆಟ್ಟು, ರಸ್ತೆಗೆ ಇಳಿದು ಲಾರಿ ತಡೆದರು. ನಾವು ತಟ್ಟೆಯಲ್ಲಿ ಬಿಟ್ಟ ಅನ್ನ ಇನ್ನೊಬ್ಬರ ಊರಿನ ಬಾವಿ ಕೆಡಿಸಬಾರದು.

ಗುಂಡಿಯ ವಿಧಾನ ಕಷ್ಟವೇನಿಲ್ಲ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಎಲೆ. ಶುರುವಿಗೆ ಸ್ವಲ್ಪ ಸಗಣಿ ಅಥವಾ ಹಳೇ ಗೊಬ್ಬರ. ಸಾರು, ಎಣ್ಣೆ ಬಸಿದು ಹಾಕಿ, ಅನ್ನದ ಮುದ್ದೆಯನ್ನು ಕೈಯಲ್ಲಿ ಒಡೆದು ಎಲೆಯ ಜೊತೆ ಕಲಸಿ, ಇಲ್ಲದಿದ್ದರೆ ಅದು ಒಳಗೆ ಗಾಳಿ ಇಲ್ಲದೆ ಕೊಳೆತು ನಾರುತ್ತದೆ. ವಾರಕ್ಕೊಮ್ಮೆ ಮಗುಚಿ. ಮುಷ್ಟಿಯಲ್ಲಿ ಹಿಂಡಿದರೆ ಹಿಂಡಿಟ್ಟ ಒದ್ದೆ ಬಟ್ಟೆಯ ಹಾಗೆ ಇರಬೇಕು, ನೀರು ಸುರಿಯಬಾರದು. ವಾಸನೆ ಬಂದರೆ ಎಲೆ ಹಾಕಿ, ಇರುವೆ ಕಟ್ಟಿದರೆ ನೀರು ಚಿಮುಕಿಸಿ. ಎರಡು ಎರಡೂವರೆ ತಿಂಗಳಲ್ಲಿ ಗೊಬ್ಬರ ಆಗುತ್ತದೆ. ಮೇಲೆ ತಗಡು ಇರಲೇಬೇಕು, ಜುಲೈ ಮಳೆಗೆ ತೆರೆದ ಗುಂಡಿ ಕೆಸರಾಗುತ್ತದೆ. ಒಂದು ಸಲ ವಾಸನೆ ಬಂತೆಂದರೆ ಹಾಸ್ಟೆಲ್‌ನವರು ಗುಂಡಿಯನ್ನೇ ಮುಚ್ಚಿಸುತ್ತಾರೆ, ಆದ್ದರಿಂದ ಜಾಗ ಕಿಟಕಿಗಳಿಂದ ದೂರ ಇರಲಿ.

ಒಣ ಎಲೆ ಎಲ್ಲಿಂದ ಅಂತೀರಾ? ಜನವರಿಯಿಂದ ಮಾರ್ಚ್ ತನಕ ಪುಣೆಯ ಕ್ಯಾಂಪಸ್ ತುಂಬ ಎಲೆಯೇ. ಅದನ್ನು ಗುಡಿಸಿ ಬೆಂಕಿ ಹಚ್ಚುತ್ತಾರೆ, ಬೆಳಗ್ಗೆ ಕ್ಲಾಸಿನ ಒಳಗೇ ಹೊಗೆ. ತಂತಿ ಬಲೆಯ ನಾಲ್ಕೈದು ಪಂಜರ ಮಾಡಿಸಿ ಅದರಲ್ಲಿ ತುಂಬಿಡಿ. ವರ್ಷವಿಡೀ ಬೇಕಾಗುತ್ತದೆ.

ಒಣ ಕಸದ ವಿಷಯದಲ್ಲಿ ಪುಣೆಯವರ ಅದೃಷ್ಟ ದೊಡ್ಡದು. ಇಲ್ಲಿ ಕಸ ಆಯುವವರೇ ಮಾಲೀಕರಾಗಿರುವ ಸ್ವಚ್ಛ್ ಅನ್ನುವ ಸಹಕಾರ ಸಂಸ್ಥೆ ಇದೆ. 1993ರಲ್ಲಿ ಶುರುವಾದ ಕಸ ಆಯುವವರ ಸಂಘಟನೆಯಿಂದ ಹುಟ್ಟಿದ್ದು. ನಿಮ್ಮ ಕ್ಯಾಂಪಸ್‌ಗೆ ಕಸ ತೆಗೆಯಲು ಬರುವ ತಾಯಂದಿರನ್ನು ಒಂದು ದಿನ ಚಹಾಕ್ಕೆ ಕೂರಿಸಿ, ಯಾವುದಕ್ಕೆ ಬೆಲೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಅಂತ ಕೇಳಿ. ಎಣ್ಣೆ ಹತ್ತಿದ ಕಾಗದಕ್ಕೆ ಬೆಲೆಯಿಲ್ಲ, ಒಣಗಿದ ಬಿಳಿ ಕಾಗದಕ್ಕೆ ಇದೆ. ಹಾಸ್ಟೆಲ್‌ನಲ್ಲಿ ಸ್ಯಾನಿಟರಿ ಪ್ಯಾಡ್‌ಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ ಬೇರೆ ಬುಟ್ಟಿಯಲ್ಲಿಡಿ. ಈ ಊರಿನಲ್ಲಿ ಅದೇ ಗುರುತು, ನೋಡಿದ ತಕ್ಷಣ ಅವರಿಗೆ ಗೊತ್ತಾಗುತ್ತದೆ. ಬರಿಗೈಯಲ್ಲಿ ಬಿಚ್ಚಿ ನೋಡುವ ಕಷ್ಟ ಅವರಿಗೆ ತಪ್ಪಬೇಕು.

ನೀರಿಗೆ ಒಂದು ಸುಲಭದ ಪರೀಕ್ಷೆ ಇದೆ. ರಾತ್ರಿ 1 ಗಂಟೆಗೆ ಮೀಟರ್ ನೋಡಿ, ಬೆಳಗ್ಗೆ 4ಕ್ಕೆ ಮತ್ತೆ ನೋಡಿ. ಆ ಹೊತ್ತಿನಲ್ಲಿ ಸ್ನಾನ ಮಾಡುವವರಿಲ್ಲ. ಟ್ಯಾಂಕ್ ತುಂಬಿದ್ದರೂ ಮುಳ್ಳು ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹೆಚ್ಚಾಗಿ ಅದು ಶೌಚಾಲಯದ ಫ್ಲಶ್ ಅಥವಾ ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸಬೇಕಾದ, ಆದರೆ ಕೆಟ್ಟಿರುವ ಬಾಲ್ ವಾಲ್ವ್. ಪ್ಲಂಬರ್ ಕಾಕಾಗೆ ಮೊದಲೇ ಗೊತ್ತಿರುತ್ತದೆ, ಸಾಮಾನು ತರಲು ದುಡ್ಡು ಮಂಜೂರಾಗಿರುವುದಿಲ್ಲ ಅಷ್ಟೇ. ನಿಮ್ಮ ಅಂಕಿಯನ್ನು ಅವರ ಅರ್ಜಿಗೆ ಲಗತ್ತಿಸಿ ಆಫೀಸಿಗೆ ಕೊಡಿ. ಮಳೆ ನೀರಿನ ಲೆಕ್ಕವೂ ಸುಲಭ. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಬೀಳುತ್ತದೆ, ಅಂದರೆ 1000 ಚದರ ಮೀಟರ್ ಚಾವಣಿಗೆ 7 ಲಕ್ಷ ಲೀಟರ್. ಅದರಲ್ಲಿ ಸ್ವಲ್ಪ ಹೋದರೂ ಬೋರ್‌ವೆಲ್‌ಗೆ ಇಳಿಸಲು ಧಾರಾಳ ಉಳಿಯುತ್ತದೆ.

ಕರೆಂಟ್‌ಗೆ ಫ್ಯಾನ್ ನೋಡಿ. ಹಳೇ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನ ಹೊಸ ಬಗೆಯ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. 200 ಫ್ಯಾನ್ ದಿನಕ್ಕೆ 8 ಗಂಟೆ ತಿರುಗಿದರೆ ದಿನಕ್ಕೆ 72 ಯೂನಿಟ್ ಉಳಿತಾಯ. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಆಗುವುದಿಲ್ಲ, ಕೆಟ್ಟದ್ದನ್ನು ರಿಪೇರಿಗೆ ಕಳಿಸುವ ಬದಲು ಹೊಸದನ್ನು ಹಾಕುತ್ತಾ ಹೋಗಿ.

ಇಷ್ಟೆಲ್ಲ ಮಾಡಿದ ಹುಡುಗರು ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಹೊರಟುಬಿಡುತ್ತಾರೆ. ಎಷ್ಟೋ ಒಳ್ಳೆಯ ಕೆಲಸ ಅಲ್ಲೇ ನಿಂತುಹೋಗುವುದನ್ನು ಕಂಡು ಹೊಟ್ಟೆ ಉರಿದಿದೆ. ಉಳಿಯುವವರು ಮೆಸ್‌ನವರು, ಪ್ಲಂಬರ್, ತೋಟ ನೋಡುವ ಮಾಳಿ, ಗುಡಿಸುವ ಮಾವಶಿಯರು. ಆದ್ದರಿಂದ ಕೆಲಸ ಅವರ ಕೈಯಲ್ಲಿರಬೇಕು, ಅದಕ್ಕೆ ಸಂಬಳವೂ ಇರಬೇಕು. ಮೆಸ್‌ನ ಟೆಂಡರ್ ಬರೆಯುವಾಗಲೇ ಹಸಿ ಕಸ ಬೇರೆ ಮಾಡುವುದು, ದಿನಾ ತೂಗಿ ಬರೆಯುವುದು, ಪ್ಲಾಸ್ಟಿಕ್ ತಟ್ಟೆ ಲೋಟ ತರದೇ ಇರುವುದನ್ನು ಷರತ್ತಾಗಿ ಸೇರಿಸಿ. ಗುಂಡಿ ಮಗುಚುವವರಿಗೆ ತಿಂಗಳಿಗೆ ಹೆಚ್ಚುವರಿ ಕೂಲಿ, ಕೈಗವಸು, ಬೂಟು ಕೊಡಿಸಿ. ನೋಟ್‌ಬುಕ್ ಮೆಸ್‌ನಲ್ಲೇ ಇರಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇಡ. ಜನವರಿಯಲ್ಲಿ, ಪರೀಕ್ಷೆ ಶುರುವಾಗುವ ಮುಂಚೆ, ಮೊದಲ ವರ್ಷದವರನ್ನು ಕರೆದು ತೋರಿಸಿಕೊಡಿ.

ಇದೆಲ್ಲ ನಡೆಯತೊಡಗಿದ ಮೇಲೆ ಗಿಡ ನೆಡಿ. ಹೊಂಗೆ, ನೇರಳೆ, ಅತ್ತಿ, ಮುತ್ತುಗ ಈ ನೆಲಕ್ಕೆ ಒಗ್ಗಿದವು. ಇಲ್ಲಿನವರಿಗೆ ಕರಂಜ್, ಜಾಂಭುಳ್, ಉಂಬರ್, ಪಳಸ್ ಅಂದರೆ ಗೊತ್ತಾಗುತ್ತದೆ. ಮೊದಲು ಮಾಳಿ ಕಾಕಾನ ಹತ್ತಿರ ಹೋಗಿ, ಮುಂದಿನ ಮೇ ತನಕ ಎಷ್ಟು ಗಿಡಕ್ಕೆ ನೀರು ಹಾಕಲು ಆಗುತ್ತದೆ ಅಂತ ಕೇಳಿ. ಅವರು ಹನ್ನೆರಡು ಅಂದರೆ ಹನ್ನೆರಡೇ ನೆಡಿ, ಬುಡಕ್ಕೆ ಒಂದೊಂದು ಬುಟ್ಟಿ ಗೊಬ್ಬರ ಹಾಕಿ ಮೇಲೆ ಒಣ ಎಲೆ ಮುಚ್ಚಿ.